ಆವಕದ ಕಟ್ಟು ಬಿಚ್ಚಿದ ಗುರುವಾರ

ಮೊದಲ ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಕಂಪ್ಯೂಟರಿನ ಪರದೆಯ ಮೇಲೆ ಮೂಡಿದ ವಾಕ್ಯವನ್ನು ನಾನು ಜಾವಕ ವಹಿಯ ಷರಾ ಕಾಲಂನಲ್ಲಿ ಒಂದಕ್ಷರವೂ ಬಿಡದೆ ನಕಲು ಮಾಡಿದ್ದೇನೆ. ಐನೂರ ಐವತ್ತು ಎಂಬ ಒಂದು ಸಂಖ್ಯೆ. ಅದರ ಮುಂದೆ, ಈ ಪತ್ರವನ್ನು ಮುಂದಕ್ಕೆ ದಾಟಿಸಲು ಅನುಮತಿ ಇಲ್ಲ ಎಂಬರ್ಥದ ಇಂಗ್ಲಿಷ್ ವಾಕ್ಯ. ಯಾರ ಅನುಮತಿ, ಅದನ್ನು ಯಾರು ಕೊಡಬೇಕು, ಯಾವ ಕಾರಣಕ್ಕೆ ನಿರಾಕರಿಸಿದ್ದಾರೆ ಎಂಬ ವಿವರ ಒಂದೂ ಇರಲಿಲ್ಲ. ಸಹಿಯೂ ಇರಲಿಲ್ಲ. ಸಹಿಯಿಲ್ಲದ ನಿರಾಕರಣೆಯೊಂದು ನನ್ನ ಕೈಗೆ ಬಂದದ್ದು ಅದೇ ಮೊದಲು.

ಅದು ಟೆಲಿಫೋನ್ ತಂತಿಯ ಮೂಲಕವೇ ಇಂಟರ್‌ನೆಟ್ ಬರುತ್ತಿದ್ದ ಕಾಲ. ನಮ್ಮ ಕಚೇರಿ ಶಿಕಾರಿಪುರದ ಒಂದು ಗೊಬ್ಬರದಂಗಡಿಯ ಮೇಲಿನ ಮಹಡಿಯಲ್ಲಿತ್ತು. ಕಾಲುವೆ ನೀರು ಬಳಸುವ ಊರುಗಳ ಸಂಘಗಳೆಲ್ಲ ಸೇರಿ ಮಾಡಿಕೊಂಡಿದ್ದ ಒಂದು ಒಕ್ಕೂಟದ ಕಚೇರಿ ಅದು. ನಿವೃತ್ತನಾದ ಮೇಲೆ ನನ್ನನ್ನು ಅಲ್ಲಿಗೆ ಕರೆಸಿಕೊಂಡಿದ್ದರು. ಎರಡು ಮೇಜು, ಒಂದು ಕಂಪ್ಯೂಟರು, ಒಂದು ಮೋಡೆಮ್, ಎರಡು ವಹಿ. ಬಂದ ಪತ್ರಗಳನ್ನು ದಾಖಲಿಸುವ ವಹಿ ಆವಕ. ಹೋಗುವ ಪತ್ರಗಳದ್ದು ಜಾವಕ. ಆವಕಕ್ಕೆ ಇಬ್ಬರು ಮಕ್ಕಳ ತಂದೆಯಾದ ಒಬ್ಬ ಗುಮಾಸ್ತರಿದ್ದರು, ಜಾವಕ ನನ್ನದು. ಅಧ್ಯಕ್ಷರು ನನಗೆ ಕೊಟ್ಟ ಆದೇಶದಲ್ಲಿ ಹಾಗೆಂದೇ ಬರೆದಿತ್ತು. ಆ ಗುಮಾಸ್ತರಿಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿತು. ಹೋಗುವ ದಿನ ಅವರು ಆವಕದ ಕಡತಗಳನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿ, ಗಂಟು ಹಾಕಿ, ತಮ್ಮ ಮೇಜಿನ ಮೇಲಿಟ್ಟು ಹೊರಟುಹೋದರು.

ಅಂದೇ ನಾನು ಅಧ್ಯಕ್ಷರಿಗೆ ಫೋನ್ ಮಾಡಿ, ಆವಕವನ್ನು ಯಾರಿಗೆ ವಹಿಸಿದ್ದೀರಿ, ನನಗಾದರೆ ಲಿಖಿತ ಆದೇಶ ಬೇಕು ಎಂದು ಕೇಳಿದೆ.

"ಏನ್ರೀ ಸಾಹೇಬ್ರ, ಒಂದ್ ಗುಂಡಿ ಒತ್ತಾಕೂ ಆರ್ಡರ್ ಬೇಕೇನ್ರೀ ನಿಮಗ?" ಎಂದರು. ಹಿಂದೆ ಯಾರೋ ನಕ್ಕದ್ದೂ ಕೇಳಿಸಿತು.

"ಬೇಕು" ಎಂದೆ.

"ಆತು ಬಿಡ್ರೀ, ಕಳಿಸ್ತೀನಿ" ಎಂದು ಇಟ್ಟುಬಿಟ್ಟರು. ಕಳಿಸಲಿಲ್ಲ. ಆ ನಗು ಯಾರದೆಂದು ನನಗೆ ಆಮೇಲೆ ತಿಳಿಯಿತು. ಇಲ್ಲಿ ಅದು ಅಪ್ರಸ್ತುತ. ಆದೇಶ ಬರುವವರೆಗೆ ಆವಕವನ್ನು ಮುಟ್ಟಬಾರದೆಂದು ನಿಶ್ಚಯಿಸಿದೆ. ಕಟ್ಟಿನ ಗಂಟು ಹಾಗೆಯೇ ಉಳಿಯಿತು. ಕಂಪ್ಯೂಟರಿನಲ್ಲಿಯೂ ಬಂದ ಪತ್ರಗಳನ್ನು ತರಿಸುವ ಆಯ್ಕೆಯನ್ನು ನಾನು ಮುಟ್ಟುತ್ತಿರಲಿಲ್ಲ. ಕಳುಹಿಸುವ ಆಯ್ಕೆಯೊಂದನ್ನೇ ಒತ್ತುತ್ತಿದ್ದೆ.

ಪ್ರತಿ ಗುರುವಾರ ಮಧ್ಯಾಹ್ನ ಹನ್ನೆರಡರೊಳಗೆ ಯಾವ ತೂಬಿಗೆ ಎಷ್ಟು ದಿನ ನೀರು ಬೇಕೆಂಬ ಬೇಡಿಕೆ ಪಟ್ಟಿಯನ್ನು ನಾವು ಜಿಲ್ಲಾ ಕೇಂದ್ರದ ನಿಯಂತ್ರಣ ಕಚೇರಿಗೆ ಇ-ಮೇಲ್ ಮಾಡಬೇಕಿತ್ತು. ಹೊಸ ಪಟ್ಟಿ ತಲುಪದಿದ್ದರೆ ಅವರು ಹಿಂದಿನ ಪಟ್ಟಿಯನ್ನೇ ಮುಂದುವರಿಸುತ್ತಿದ್ದರು. ಆ ಹಿಂದಿನ ಪಟ್ಟಿಯಲ್ಲಿ ಕಾಲುವೆಯ ಕಟ್ಟಕಡೆಯ ತೂಬಿನ ಮುಂದೆ 'ದುರಸ್ತಿ, ಮುಚ್ಚಿದೆ' ಎಂದಿತ್ತು. ದುರಸ್ತಿ ಮುಗಿದಿತ್ತು, ತೂಬು ಸಿದ್ಧವಾಗಿತ್ತು, ಆ ಊರಿನವರು ಬೇಸಿಗೆ ಭತ್ತಕ್ಕೆಂದು ಬಾವಿಯ ನೀರಿನಲ್ಲಿ ಸಸಿ ಬೆಳೆಸಿ, ನಾಟಿಗೆ ಕಾಲುವೆಯನ್ನು ಕಾಯುತ್ತಿದ್ದರು. ನನ್ನ ಪತ್ರ ಹೋಗದೆ ಆ ತೂಬು ತೆರೆಯುವಂತಿರಲಿಲ್ಲ.

ಮೊದಲ ಗುರುವಾರ ಪಟ್ಟಿ ಹೋಗಲಿಲ್ಲ. ಮರುದಿನವೇ ನಾನು ಅದನ್ನು ಅಚ್ಚು ಹಾಕಿ, ಮೊಹರು ಒತ್ತಿ, ಬಸ್ಸಿನಲ್ಲಿ ಖುದ್ದಾಗಿ ಒಯ್ದು ನಿಯಂತ್ರಣ ಕಚೇರಿಗೆ ಕೊಟ್ಟೆ. ಅಲ್ಲಿಯ ಗುಮಾಸ್ತರು ಕಾಗದವನ್ನು ತಿರುಗಿಸಿ ನೋಡಿ, "ಇ-ಮೇಲ್ ಅಂತ ಸುತ್ತೋಲೆ ಇದೆಯಲ್ಲ ಯಜಮಾನ್ರೇ, ಓದಿಲ್ವಾ?" ಎಂದರು. ಸುತ್ತೋಲೆಗೆ ನಾನು ಅಡಿಗೆರೆ ಎಳೆದು ಓದಿದ್ದೆ. ಅದರ ಎರಡನೆಯ ಪುಟದಲ್ಲಿದ್ದ ಎರಡು ಕಾಗುಣಿತದ ತಪ್ಪನ್ನು ತಿದ್ದಿಯೂ ಇದ್ದೆ. ಆದರೂ ನನ್ನನ್ನು ಕೂರಲೂ ಹೇಳದೆ ಹಾಗೆ ಕೇಳಿದರು. ಕಾಗದ ಅವರ ಟ್ರೇಯಲ್ಲಿ ಉಳಿಯಿತು. ಎರಡನೆಯ ಗುರುವಾರವೂ ಅದೇ ಐನೂರ ಐವತ್ತು.

ಶುಕ್ರವಾರ ಕೊನೆಯ ತೂಬಿನ ಊರಿನಿಂದ ಒಬ್ಬ ಹಿರಿಯ ಹೆಂಗಸು ಮೆಟ್ಟಿಲು ಹತ್ತಿ ಬಂದರು. ಆ ಊರಿನ ಸಂಘದ ಪರವಾಗಿ ಮಾತನಾಡುತ್ತಿದ್ದುದು ಅವರೇ. ಬುತ್ತಿಯ ಗಂಟನ್ನು ನನ್ನ ಮೇಜಿನ ಮೇಲಿಟ್ಟು, ಕರೆಯದೆಯೇ ಆವಕದ ಗುಮಾಸ್ತರ ಕುರ್ಚಿಯಲ್ಲಿ ಕುಳಿತರು.

"ಸಾಹೇಬ್ರ, ನಮ್ಮೂರಿನ ಹೆಸರು ನಿಮ್ಮ ಪೆಟ್ಟಿಗ್ಯಾಗ ಐತೋ ಇಲ್ಲೋ?"

"ಇದೆ ಅಮ್ಮ. ನೋಡಿ, ಇಲ್ಲೇ ಇದೆ" ಎಂದು ಪರದೆ ತೋರಿಸಿದೆ.

"ಪೆಟ್ಟಿಗ್ಯಾಗ ಇದ್ರ ನಾ ಏನ್ ಮಾಡ್ಲಿ? ಕಾಲುವ್ಯಾಗ ಬರಬೇಕಲ್ಲ ಅದು. ಸಸಿಗೆ ಮೂವತ್ತು ದಿನ ಆತು. ಈ ಗುರುವಾರ ಬಿಟ್ರ ಮಡ್ಯಾಗ ಗಂಟು ಕಟ್ತತಿ, ನಾಟಿಗೆ ಬರಂಗಿಲ್ಲ. ಆಮ್ಯಾಗ ಕೊಯ್ದು ದನಕ್ಕ ಹಾಕೋದ."

"ಈ ಗುರುವಾರ ಹೋಗುತ್ತದೆ" ಎಂದೆ.

"ಹೋದ ವಾರಾನೂ ಇದ ಅಂದ್ರಿ. ನಿಮ್ಮ ಮಾತು ಮಾತ್ರ ತಪ್ಪದೆ ಹೋಗ್ತತಿ ನೋಡ್ರಿ, ಪತ್ರ ಒಂದು ಹೋಗಂಗಿಲ್ಲ" ಎಂದು ಬುತ್ತಿಯ ಗಂಟನ್ನು ಎತ್ತಿಕೊಂಡು ಎದ್ದರು. ಮೆಟ್ಟಿಲ ಅರ್ಧದಿಂದ ಹಿಂದಕ್ಕೆ ಕೂಗಿ, "ಉಂಡೀರೇನ್ರೀ?" ಎಂದು ಕೇಳಿದರು. ಉತ್ತರಕ್ಕೆ ಕಾಯಲಿಲ್ಲ.

ನಾನು ಮದುವೆಯಾದವನಲ್ಲ. ಖಾನಾವಳಿಯಲ್ಲಿ ಉಣ್ಣುತ್ತೇನೆ. ಆವಕದ ಗುಮಾಸ್ತರು ಹೋದ ಮೇಲೆ ಕಚೇರಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ನನಗೆ ಕೇಳುತ್ತಿದ್ದ ದನಿಯೆಂದರೆ ಮೋಡೆಮ್ಮಿನದು ಮಾತ್ರ. ಮೊದಲು ಅಂಕಿಗಳನ್ನು ಒತ್ತಿದ ಸದ್ದು, ಬಳಿಕ ಎತ್ತರದ ಒಂದು ಕೀರಲು, ಆಮೇಲೆ ತಗಡಿನ ಮೇಲೆ ಮರಳು ಸುರಿದಂಥ ಶಬ್ದ, ಕೊನೆಗೆ ಮೌನ. ಆ ಮೌನವೆಂದರೆ ಸಂಪರ್ಕ ಸಿಕ್ಕಿತೆಂದು ಅರ್ಥ. ಕೆಲಸವಿಲ್ಲದಿದ್ದರೂ ಒಮ್ಮೊಮ್ಮೆ ಡಯಲ್ ಮಾಡಿ ಕೇಳುತ್ತ ಕೂರುತ್ತಿದ್ದೆನೆಂಬುದನ್ನು ಇಲ್ಲಿ ಬರೆಯದಿದ್ದರೆ ವರದಿ ಅಪೂರ್ಣವಾಗುತ್ತದೆ.

ಶನಿವಾರದಿಂದ ನಾನು ಕ್ರಮಬದ್ಧವಾಗಿ ತನಿಖೆಗೆ ತೊಡಗಿದೆ. ಮೊದಲ ಅನುಮಾನ ತಂತಿಯ ಮೇಲೆ. ದೂರು ಬರೆಸಿದೆ, ಸೋಮವಾರ ಲೈನ್‌ಮನ್ ಬಂದರು. ಕಂಬದಿಂದ ನಮ್ಮ ಕಿಟಕಿಗೆ ಇಳಿದ ತಂತಿಯಲ್ಲಿ ಒಂದು ಜೋಡಣೆ ಹಸಿರುಗಟ್ಟಿತ್ತು. ಅದನ್ನು ಕತ್ತರಿಸಿ ಹೊಸದಾಗಿ ಹೆಣೆದರು. ಕೆಳಗಿನ ಅಂಗಡಿಗೂ ಇದೇ ತಂತಿಯಿಂದ ಒಂದು ಕವಲು ಹೋಗಿರುವುದನ್ನು ಕಂಡುಹಿಡಿದವರೂ ಅವರೇ.

"ಕೆಳಗ ಅವ್ರು ರಿಸೀವರ್ ಎತ್ತಿದ್ರ ನಿಮ್ದು ಕಟ್ ಆಗ್ತತಿ. ಅದು ಬಿಟ್ರ ಲೈನ್ ಚೊಕ್ಕ ಐತ್ರೀ. ಇನ್ನೇನಿದ್ರೂ ನಿಮ್ಮ ಪೆಟ್ಟಿಗೇದ ತಕರಾರು."

ಅಂಗಡಿಯ ಮಾಲೀಕರಿಗೆ, ಹನ್ನೊಂದರಿಂದ ಹನ್ನೆರಡರವರೆಗೆ ಫೋನ್ ಎತ್ತಬಾರದೆಂದು ಲಿಖಿತ ಸೂಚನೆ ಕೊಟ್ಟೆ. ಅವರು ಅದನ್ನು ಗೊಬ್ಬರದ ಚೀಲದ ಮೇಲಿಟ್ಟು ಅದರ ಮೇಲೆ ತಕ್ಕಡಿಯ ಕಲ್ಲಿಟ್ಟರು.

ಈಗ ಸಂಪರ್ಕ ಒಮ್ಮೆಗೇ ಸಿಗತೊಡಗಿತು, ವೇಗವೂ ಹೆಚ್ಚಿತು. ಪತ್ರ ಮಾತ್ರ ಹೋಗಲಿಲ್ಲ. ಎರಡನೆಯ ಅನುಮಾನ ಗಾತ್ರದ ಮೇಲೆ. ಪಟ್ಟಿಯಿಂದ ಒಕ್ಕೂಟದ ಮೊಹರಿನ ಚಿತ್ರವನ್ನು ತೆಗೆದೆ, ಮನಸ್ಸಿಲ್ಲದಿದ್ದರೂ ತೆಗೆದೆ. ಹೋಗಲಿಲ್ಲ. ಪಟ್ಟಿಯನ್ನೇ ಬಿಟ್ಟು 'ಪರೀಕ್ಷಾರ್ಥ' ಎಂಬ ಒಂದೇ ಪದವನ್ನು ನಿಯಂತ್ರಣ ಕಚೇರಿಗೆ ಕಳುಹಿಸಿದೆ. ಅದೂ ಹೋಗಲಿಲ್ಲ, ಅದೇ ಐನೂರ ಐವತ್ತು. ಹಾಗಾದರೆ ದೋಷ ತಂತಿಯದ್ದೂ ಅಲ್ಲ, ಗಾತ್ರದ್ದೂ ಅಲ್ಲ. ವಿಳಾಸ, ಸರ್ವರಿನ ಹೆಸರು, ಗುಪ್ತಪದ ಎಲ್ಲವನ್ನೂ ಅಳಿಸಿ ಮೂರು ಬಾರಿ ಹೊಸದಾಗಿ ತುಂಬಿದೆ. ಸಹಾಯವಾಣಿಯಲ್ಲಿ ಒಬ್ಬರು, ಕಂಪ್ಯೂಟರನ್ನು ಒಮ್ಮೆ ಮುಚ್ಚಿ ತೆರೆಯಲು ಹೇಳಿದರು. ಮುಚ್ಚಿ ತೆರೆದೆ.

ಮಂಗಳವಾರ ಮಧ್ಯಾಹ್ನ ಅದೇ ಒಂದು ಪದವನ್ನು ನಮ್ಮ ಒಕ್ಕೂಟದ ಸ್ವಂತ ವಿಳಾಸಕ್ಕೆ, ಅಂದರೆ ನನಗೆ ನಾನೇ, ಕಳುಹಿಸಿದೆ. ಅದು ಹೋಯಿತು! ಕಳುಹಿಸಬೇಕಾದ ಪತ್ರಗಳ ಪೆಟ್ಟಿಗೆಯಿಂದ ಮಾಯವಾಯಿತು. ನನಗೆ ಸಂತೋಷಕ್ಕಿಂತ ಕೋಪವೇ ಹೆಚ್ಚು ಬಂತು. ಊರಿಗೆಲ್ಲ ಬರೆಯಬೇಕಾದವನಿಗೆ ತನಗೆ ತಾನು ಬರೆದುಕೊಳ್ಳಲು ಮಾತ್ರ ಅವಕಾಶ ಎಂಬಂತಿತ್ತು ಅದು. ಅದು ತಲುಪಿತೋ ಇಲ್ಲವೋ ಎಂದೂ ನನಗೆ ತಿಳಿಯುವಂತಿರಲಿಲ್ಲ. ಏಕೆಂದರೆ ಬಂದದ್ದನ್ನು ನೋಡುವುದು ಆವಕದ ಕೆಲಸ.

ಉಳಿದದ್ದು ಸೊರಬ. ಸೊರಬದಲ್ಲಿ ಕೆರೆ ಬಳಕೆದಾರರ ಸಂಘಗಳದ್ದೂ ಇಂಥದೇ ಒಂದು ಕಚೇರಿ ಇತ್ತು. ಅವರ ಇ-ಮೇಲ್ ಖಾತೆಯೂ ನಮ್ಮ ಖಾತೆಯಿದ್ದ ಕಂಪನಿಯಲ್ಲಿಯೇ ಇತ್ತು. ಅವರ ಪತ್ರಗಳು ತಪ್ಪದೆ ಹೋಗುತ್ತಿದ್ದವು. ಅಲ್ಲಿನ ಕಾರ್ಯದರ್ಶಿ ಒಬ್ಬ ಮಹಿಳೆ. ಅವರೂ ನಾನೂ ಹಿಂದೆ ಒಂದೇ ಕಚೇರಿಯಲ್ಲಿ ಎದುರುಬದುರಾಗಿ ಹನ್ನೊಂದು ವರ್ಷ ಕುಳಿತವರು. ಅವರದು ಆವಕ, ನನ್ನದು ಜಾವಕ. ನನ್ನ ಬೀಳ್ಕೊಡುಗೆಯ ದಿನ ಎಲ್ಲರೂ ಬಂದಿದ್ದರು, ಅವರು ಬಂದಿರಲಿಲ್ಲ. ಮುಂದಿನ ಸಾಲಿನ ಎಡಗಡೆಯಿಂದ ನಾಲ್ಕನೆಯ ಕುರ್ಚಿ ಕೊನೆಯವರೆಗೂ ಖಾಲಿ ಇತ್ತು. ಒಂದು ಸಾಲಿನ ಪತ್ರವನ್ನೂ ಅವರು ಬರೆಯಲಿಲ್ಲ. ಅಂದಿನಿಂದ ನಾನು ಅವರೊಂದಿಗೆ ಮಾತು ಬಿಟ್ಟಿದ್ದೆ. ಅದನ್ನು ನನ್ನ ದಿನಚರಿಯಲ್ಲಿ ದಾಖಲಿಸಿಯೂ ಇದ್ದೆ.

ಆದರೂ ಪಟ್ಟಿಯನ್ನು ಫ್ಲಾಪಿಗೆ ಹಾಕಿ, ಸೊರಬಕ್ಕೆ ಒಯ್ದು, ಅವರ ಯಂತ್ರದಿಂದ ಕಳುಹಿಸುವುದೆಂದು ತೀರ್ಮಾನಿಸಿದೆ. ಮುಂಚಿತವಾಗಿ ಫೋನ್ ಮಾಡಲಿಲ್ಲ. ಕಚೇರಿಯ ಕೆಲಸಕ್ಕೆ ಹೋಗುವುದು ಬೇರೆ, ಕೇಳಿಕೊಂಡು ಹೋಗುವುದು ಬೇರೆ. ಬುಧವಾರ ಬೆಳಿಗ್ಗೆ ಫ್ಲಾಪಿಯನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡು, ಕಚೇರಿಗೆ ಬೀಗ ಹಾಕಿ, ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸು ಹಿಡಿದೆ. ಹನ್ನೊಂದಕ್ಕೆ ಅಲ್ಲಿದ್ದೆ.

ಸೊರಬದ ಕಚೇರಿಗೆ ಬೀಗ ಬಿದ್ದಿತ್ತು. ಪಕ್ಕದ ಹೊಲಿಗೆಯಂಗಡಿಯವರು ಕತ್ತರಿ ನಿಲ್ಲಿಸದೆಯೇ, "ಮೇಡಂ ಎಲ್ಲೋ ಹೋದ್ರು ಮಾರಾಯ್ರೇ, ಸಂಜೆಗೇ ಬರೋದು ಅಂದಿದ್ರು" ಎಂದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಬಸ್ ನಿಲ್ದಾಣದಲ್ಲಿ ಮೂರೂವರೆಯವರೆಗೆ ಕುಳಿತಿದ್ದೆ. ಅಡಿಕೆ ಮೂಟೆಗಳ ನಡುವೆ ನನಗೊಂದು ಜಾಗ ಸಿಕ್ಕಿತ್ತು. ಹಾದುಹೋದವರಲ್ಲಿ ನನ್ನ ಗುರುತು ಹಿಡಿದವರು ಒಬ್ಬರೂ ಇರಲಿಲ್ಲ. ಸಂಜೆಯವರೆಗೆ ಕಾದರೆ ಕೊನೆಯ ಬಸ್ಸು ತಪ್ಪುವುದೆಂದು ಹಿಂದಿರುಗಿದೆ.

ಗೊಬ್ಬರದಂಗಡಿಯವರು ನನ್ನನ್ನು ಕಂಡೊಡನೆ, "ಯಾರೋ ಹೆಣ್ಮಗಳು ಬಂದಿದ್ರು ಸಾಹೇಬ್ರ. ಬುತ್ತಿ ಗಂಟು ಹಿಡಕೊಂಡು ಮ್ಯಾಲಿನ ಮೆಟ್ಟಿಲ ಮ್ಯಾಲ ಒಂದು ತಾಸು ಕುಂತಿದ್ರು. ಆಮ್ಯಾಗ ಹ್ವಾದ್ರು" ಎಂದರು. ಕೊನೆಯ ತೂಬಿನವರೇ ಮತ್ತೆ ಬೈಯಲು ಬಂದಿರಬೇಕೆಂದುಕೊಂಡು ಹೆಚ್ಚು ವಿಚಾರಿಸಲಿಲ್ಲ. ಆ ದಿನದ ದಿನಚರಿಯಲ್ಲಿ ಹೀಗೆ ಬರೆದೆ: 'ಸೊರಬ ಕಚೇರಿ ಬೀಗ. ಇಂಥ ಸಮಯದಲ್ಲಿ ನನ್ನನ್ನು ವಿಚಾರಿಸಿದವರು ಒಬ್ಬರೂ ಇಲ್ಲ.'

ಗುರುವಾರ ಎಂಟೂವರೆಗೇ ಕಚೇರಿ ತೆರೆದೆ. ಮಾಡಲು ಏನೂ ಉಳಿದಿರಲಿಲ್ಲ. ಪತ್ರಗಳು ಸರಿಯಾಗಿ ಹೋಗುತ್ತಿದ್ದ ತಿಂಗಳುಗಳ ಜಾವಕ ವಹಿಯನ್ನು ತೆಗೆದು, ಹೋದ ಸಮಯಗಳನ್ನು ನೋಡುತ್ತ ಕುಳಿತೆ. ಹತ್ತು ಇಪ್ಪತ್ತೆರಡು, ಹತ್ತು ಮೂವತ್ತೊಂದು, ಹತ್ತು ಹದಿನೆಂಟು. ಆಗ ಒಂದು ಪ್ರಶ್ನೆ ಬಂತು. ಇರುವುದೊಂದೇ ಕಂಪ್ಯೂಟರು, ಹತ್ತಕ್ಕೆ ನಾನು ಬಂದಾಗ ಆ ಕುರ್ಚಿಯಲ್ಲಿ ಆವಕದ ಗುಮಾಸ್ತರು ಕುಳಿತಿರುತ್ತಿದ್ದರು. ಅವರು ಎದ್ದ ಮೇಲೆಯೇ ನಾನು ಕೂರುತ್ತಿದ್ದುದು. ಹಾಗಾದರೆ ಅವರ ವಹಿಯಲ್ಲಿನ ಸಮಯ ಏನು?

ಆ ವಹಿ ಕೆಂಪು ಬಟ್ಟೆಯೊಳಗಿತ್ತು. ಆದೇಶವಿಲ್ಲದೆ ಬೇರೆಯವರ ಕಟ್ಟನ್ನು ಬಿಚ್ಚುವುದು ನಾನು ಇಡೀ ಸೇವೆಯಲ್ಲಿ ಮಾಡದಿದ್ದ ಕೆಲಸ. ಅಧ್ಯಕ್ಷರಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಗಂಟೆ ಒಂಬತ್ತು ಐವತ್ತಾಗಿತ್ತು. ಒಂದು ಹಾಳೆ ತೆಗೆದುಕೊಂಡು, ತುರ್ತು ಕಾರಣದಿಂದ ಘಟನೋತ್ತರ ಮಂಜೂರಾತಿಗೆ ಒಳಪಟ್ಟು ಆವಕದ ಕಟ್ಟನ್ನು ಬಿಚ್ಚುತ್ತಿದ್ದೇನೆ ಎಂದು ಬರೆದು, ದಿನಾಂಕ, ಸಮಯ ಹಾಕಿ ಸಹಿ ಮಾಡಿದೆ. ಗಂಟು ಬಿಗಿಯಾಗಿತ್ತು. ಹಲ್ಲಿನಿಂದ ಬಿಡಿಸಬೇಕಾಯಿತು.

ಎರಡೂ ವಹಿಗಳನ್ನು ಅಕ್ಕಪಕ್ಕ ತೆರೆದಿಟ್ಟೆ. ನನ್ನ ಪತ್ರ ಹತ್ತು ಇಪ್ಪತ್ತೆರಡಕ್ಕೆ ಹೋದ ದಿನ ಅವರು ಹತ್ತು ಹದಿನಾಲ್ಕಕ್ಕೆ ಬಂದ ಪತ್ರಗಳನ್ನು ತೆಗೆದುಕೊಂಡಿದ್ದರು. ಹತ್ತು ಮೂವತ್ತೊಂದರ ದಿನ, ಹತ್ತು ಇಪ್ಪತ್ತಾರು. ಹತ್ತು ಹದಿನೆಂಟರ ದಿನ, ಹತ್ತು ಒಂಬತ್ತು. ಪುಟದಿಂದ ಪುಟಕ್ಕೆ ಹೀಗೆಯೇ. ಬಂದದ್ದನ್ನು ತೆಗೆದುಕೊಂಡ ಹತ್ತು ನಿಮಿಷದೊಳಗಲ್ಲದೆ ನಮ್ಮ ಕಚೇರಿಯಿಂದ ಒಂದು ಪತ್ರವೂ ಎಂದೂ ಹೊರಗೆ ಹೋಗಿರಲಿಲ್ಲ.

ಮಂಗಳವಾರದ ನನ್ನ ಪರೀಕ್ಷೆಗೆ ಆಗ ಅರ್ಥ ಸಿಕ್ಕಿತು. ತನ್ನದೇ ಖಾತೆಗೆ ಬರುವ ಪತ್ರವನ್ನು ಆ ಸರ್ವರು ಯಾರಿಂದಾದರೂ ಸ್ವೀಕರಿಸುತ್ತದೆ. ಬೇರೆಡೆಗೆ ದಾಟಿಸಬೇಕಾದರೆ ಕೇಳುವವನು ಯಾರೆಂದು ಅದಕ್ಕೆ ತಿಳಿದಿರಬೇಕು. ಕಳುಹಿಸುವಾಗ ಅದು ಗುಪ್ತಪದ ಕೇಳುವುದಿಲ್ಲ. ಕೇಳುವುದು ಬಂದ ಪತ್ರಗಳನ್ನು ಒಯ್ಯಲು ಹೋದಾಗ ಮಾತ್ರ. ಅಲ್ಲಿ ಗುರುತು ಸಿಕ್ಕವನಿಗೆ ಸ್ವಲ್ಪ ಹೊತ್ತು ಕಳುಹಿಸುವ ಬಾಗಿಲನ್ನೂ ತೆರೆದಿಡುತ್ತದೆ. ಎರಡು ವಾರಗಳಿಂದ ನಾನು ಗುರುತು ಹೇಳದೆಯೇ ಬಾಗಿಲು ಬಡಿಯುತ್ತಿದ್ದೆ. ನಿರಾಕರಣೆಗೆ ಸಹಿ ಇರಲಿಲ್ಲವೆಂದು ಸಿಟ್ಟಾಗಿದ್ದ ನಾನೇ ಸಹಿ ಹಾಕಿರಲಿಲ್ಲ.

ಹತ್ತು ಐವತ್ತಕ್ಕೆ ಡಯಲ್ ಮಾಡಿ, ಪತ್ರಗಳನ್ನು ತರಿಸುವ ಆಯ್ಕೆಯನ್ನು ಒತ್ತಿದೆ. ನಲವತ್ತೊಂದು ಪತ್ರಗಳಿವೆ ಎಂದಿತು. ಒಂದೊಂದಾಗಿ ಇಳಿಯತೊಡಗಿದವು. ಹನ್ನೊಂದು ಹತ್ತಕ್ಕೆ, ಇಪ್ಪತ್ತೇಳನೆಯದರಲ್ಲಿ ಸಂಪರ್ಕ ಕಡಿಯಿತು. ಮೆಟ್ಟಿಲಿಳಿದು ಹೋದರೆ ಅಂಗಡಿಯವರು ರಿಸೀವರನ್ನು ಕಿವಿಗೆ ಹಿಡಿದು ಯೂರಿಯಾ ಲಾರಿಯ ವಿಚಾರ ಮಾತನಾಡುತ್ತಿದ್ದರು. ನಾನು ತಕ್ಕಡಿಯ ಕಲ್ಲನ್ನು ಎತ್ತಿ ನನ್ನ ಸೂಚನೆಯನ್ನು ಅವರ ಮುಖದ ಮುಂದೆ ಹಿಡಿದೆ.

"ಇಡ್ತೀನ್ರೀ, ಇಡ್ತೀನಿ! ಆ ಕಲ್ಲು ಕೆಳಗಿಡ್ರೀ ಮೊದ್ಲು" ಎಂದರು.

ಮತ್ತೆ ಡಯಲ್ ಮಾಡಿದೆ. ಎರಡು ಬಾರಿ ಎಂಗೇಜ್, ಮೂರನೆಯ ಬಾರಿ ಸಿಕ್ಕಿತು. ಉಳಿದವೂ ಇಳಿದವು. ಯಾವುದನ್ನೂ ತೆರೆಯದೆ, ಕಳುಹಿಸುವ ಆಯ್ಕೆಯನ್ನು ಒತ್ತಿದೆ. ನೀಲಿ ಪಟ್ಟಿ ಅರ್ಧಕ್ಕೆ ಬಂದು ನಿಂತಿತು. ಅಲ್ಲಿ ಎಷ್ಟು ಹೊತ್ತು ನಿಂತಿತೆಂದು ನಾನು ನೋಡಿಕೊಳ್ಳಲಿಲ್ಲ; ಈ ಇಡೀ ಪ್ರಕರಣದಲ್ಲಿ ನಾನು ದಾಖಲಿಸದೆ ಬಿಟ್ಟ ಸಮಯ ಅದೊಂದೇ. ಬಳಿಕ ಅದು ಕೊನೆ ಮುಟ್ಟಿತು. ಪೆಟ್ಟಿಗೆ ಖಾಲಿಯಾಯಿತು. ಹನ್ನೊಂದು ಮೂವತ್ತೆರಡು.

ನಿಯಂತ್ರಣ ಕಚೇರಿಗೆ ಫೋನ್ ಮಾಡಿದೆ. ಅದೇ ಗುಮಾಸ್ತರು. "ಬಂದಿದೆ ಯಜಮಾನ್ರೇ. ಕೊನೆ ತೂಬು, ಆರು ದಿನ. ಸರಿ ತಾನೆ?" ಎಂದರು. ಸರಿ ಎಂದೆ. ಮೊಹರು ಏಕಿಲ್ಲವೆಂದು ಅವರು ಕೇಳಲಿಲ್ಲ.

ಆಮೇಲೆ ಬಂದ ಪತ್ರಗಳನ್ನು ಒಂದೊಂದಾಗಿ ಆವಕ ವಹಿಗೆ ಏರಿಸಲು ಕುಳಿತೆ. ಹೆಚ್ಚಿನವು ಜಾಹೀರಾತುಗಳು. ನಿಯಂತ್ರಣ ಕಚೇರಿಯ ಎರಡು ಜ್ಞಾಪನಗಳಿದ್ದವು. ಮಂಗಳವಾರ ನನಗೆ ನಾನೇ ಬರೆದ 'ಪರೀಕ್ಷಾರ್ಥ' ಇತ್ತು. ಮೂರು ಪತ್ರಗಳು ಸೊರಬದಿಂದ ಬಂದಿದ್ದವು. ಮೂರೂ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ. ಅದು ನನಗೆ ಸೇರುವುದಿಲ್ಲ, ಆದರೆ ಎರಡೆರಡು ಸಲ ಓದಿದೆ.

ಮೊದಲನೆಯದು: 'ಸರ್, ನಿಮ್ಮ ಪಟ್ಟಿ ಬಂದಿಲ್ಲ ಎಂದು ನಿಯಂತ್ರಣ ಕಚೇರಿಯಲ್ಲಿ ಹೇಳಿದರು. ನೀವು ತಡ ಮಾಡುವವರಲ್ಲ. ಆರೋಗ್ಯ ಸರಿ ಇದೆಯೇ?'

ಎರಡನೆಯದು: 'ಸರ್, ಉತ್ತರ ಬರಲಿಲ್ಲ. ಪತ್ರ ಹೋಗುತ್ತಿಲ್ಲ ಎಂದಾದರೆ ಮೊದಲು ಬಂದದ್ದನ್ನು ತೆಗೆದುಕೊಳ್ಳಿ, ಆಮೇಲೆ ಕಳುಹಿಸಿ. ನಮ್ಮಲ್ಲೂ ಹೀಗೇ ಆಗಿತ್ತು.'

ಮೂರನೆಯದು ಸೋಮವಾರದ್ದು: 'ಸರ್, ಬುಧವಾರ ನಾನೇ ಬರುತ್ತೇನೆ. ಹನ್ನೊಂದಕ್ಕೆ ಕಚೇರಿಯಲ್ಲಿರಿ. ಊಟ ಕಟ್ಟಿಕೊಂಡು ಬರುತ್ತೇನೆ, ಖಾನಾವಳಿಗೆ ಹೋಗಬೇಡಿ.'

ಬುಧವಾರ ಹನ್ನೊಂದಕ್ಕೆ ನಾನು ಅವರ ಬೀಗದ ಮುಂದೆ ನಿಂತಿದ್ದೆ. ಅವರು ನನ್ನ ಮೆಟ್ಟಿಲ ಮೇಲೆ ಕುಳಿತಿದ್ದರು.

ಶನಿವಾರ ಸಂಜೆ ಕೊನೆಯ ತೂಬಿಗೆ ನೀರು ಮುಟ್ಟಿತು. ಸೋಮವಾರ ಆ ಹಿರಿಯ ಹೆಂಗಸು ಮೊಣಕಾಲಿನವರೆಗೆ ಒಣಗಿದ ಕೆಸರಿನೊಂದಿಗೇ ಮೇಲೆ ಬಂದು, "ಅಂತೂ ನಿಮ್ಮ ಪೆಟ್ಟಿಗಿ ಬಾಯಿ ಬಿಡ್ತು ನೋಡ್ರಿ" ಎಂದು ಹೇಳಿ, ಕೂರದೆ ಹೋದರು. ನೆಲದ ಮೇಲೆ ಅವರ ಹೆಜ್ಜೆಗಳು ಉಳಿದವು. ಅವನ್ನು ಒರೆಸುವುದು ಯಾರ ಕೆಲಸವೆಂದು ಆದೇಶದಲ್ಲಿರಲಿಲ್ಲ; ನಾನು ಒರೆಸಲಿಲ್ಲ.

ಸೊರಬಕ್ಕೆ ಉತ್ತರ ಬರೆದದ್ದು ಮಾತ್ರ ಆ ಗುರುವಾರವೇ, ಊಟಕ್ಕೆ ಏಳುವ ಮೊದಲು. ಬೀಳ್ಕೊಡುಗೆಯ ವಿಷಯವನ್ನು ಅವರು ತಮ್ಮ ಪತ್ರಗಳಲ್ಲಿ ಎತ್ತಿರಲಿಲ್ಲ, ನಾನೂ ಕೇಳಲಿಲ್ಲ. ಆ ನಮೂದು ನನ್ನ ದಿನಚರಿಯಲ್ಲಿ ಇಂದಿಗೂ ಹಾಗೆಯೇ ಇದೆ. ಮುಂದಿನ ಬುಧವಾರ ಹನ್ನೊಂದಕ್ಕೆ ಕಚೇರಿಯಲ್ಲಿರುತ್ತೇನೆ ಎಂದಷ್ಟೇ ಬರೆದು, ಮೊದಲು ಬಂದದ್ದೇನಾದರೂ ಇದೆಯೇ ಎಂದು ನೋಡಿ, ಆಮೇಲೆ ಕಳುಹಿಸಿದೆ.

ಬಳಿಕ ದಿನಚರಿಯಲ್ಲಿ ಹಿಂದಿನ ದಿನದ, ಅಂದರೆ ಬುಧವಾರದ ಪುಟ ತೆಗೆದೆ. ಕಚೇರಿಯ ಬರಹದಲ್ಲಿ ತಪ್ಪಾದರೆ ಅದನ್ನು ಕೆರೆದು ಅಳಿಸುವಂತಿಲ್ಲ. ಹಳೆಯ ಅಕ್ಷರ ಕಾಣುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಚಿಕ್ಕ ಸಹಿ ಹಾಕಬೇಕು. 'ಒಬ್ಬರೂ ಇಲ್ಲ' ಎಂಬಲ್ಲಿ ಕೆಂಪು ಮಸಿಯಿಂದ ಒಂದು ಗೆರೆ ಎಳೆದು, ಮೇಲೆ 'ಒಬ್ಬರು ಇದ್ದರು' ಎಂದು ಬರೆದು, ಸಹಿ ಮಾಡಿದೆ.